ತೊಳೆಯಬೇಡ

ಲೀಟರಿನ ಬಾಟಲಿಗೆ ಹದಿನೆಂಟು ಪೌಂಡು,
ಕಾಲು ಲೀಟರಿನದಕ್ಕೆ ಒಂಬತ್ತು.
ಅಂಗಡಿಯ ಕಪಾಟಿನ ಮುಂದೆ ನಿಂತು
ರಸೀದಿಯ ಬೆನ್ನಿನ ಮೇಲೆ ಭಾಗಿಸಿದ ಡೈನಿಯಸ್.
ಕೋಸಿನ ಪೆಟ್ಟಿಗೆಗಳನ್ನು ಬೆಳಗಿನವರೆಗೆ ಎಣಿಸಿ ಬಂದವನು,
ಕಣ್ಣು ಕೆಂಪಾದರೂ ಲೆಕ್ಕ ತಪ್ಪಲಿಲ್ಲ:
'ಮೂವರು ಸೇರಿದರೆ ತಲೆಗೆ ಆರು.'

ಸೇರಿದೆವು.
ಅವನು, ನಾನು, ಮೂರನೆಯ ಮನೆಯ ಆರ್ಚಿ ಪಿಂಚ್‌ಬೆಕ್.

ಪಾಲು ನಡೆದದ್ದು ನನ್ನ ಅಡುಗೆಮನೆಯ ಮೇಜಿನ ಮೇಲೆ.
ಮಗಳ ಜ್ವರದ ಔಷಧಿಯ ಜೊತೆ ಬಂದಿದ್ದ ಪಿಚಕಾರಿ,
ಅವಳಿಗೀಗ ಇಪ್ಪತ್ತಾರು,
ಗೆರೆಗಳು ಮಾತ್ರ ಹಾಗೇ ಇವೆ.
ಲೀಟರಿಗೆ ಒಂದೂವರೆ ಎಂಎಲ್,
ಐದು ಲೀಟರಿಗೆ ಏಳೂವರೆ.
ಕೈ ಸಡಿಲಬಾರದು. 'ಇನ್ನೊಂದಿಷ್ಟು ಇರಲಿ' ಅನ್ನಬಾರದು,
ಸಾರಿಗೆ ಉಪ್ಪು ಹಾಕುವ ಕೈ ಇದಲ್ಲ.

ನಮ್ಮ ಲಿಂಕನ್‌ಶೈರಿನ ನಲ್ಲಿಯಲ್ಲಿ ಬರುವುದು ಸುಣ್ಣ,
ನೀರು ಅದಕ್ಕೆ ಒಂದು ನೆಪ.
ಕೆಟಲಿನ ತಳ ಹಳೆಯ ಗೋಡೆಯಂತೆ ಹಕ್ಕಳೆಗಟ್ಟುತ್ತದೆ.
ಆ ನೀರಿಗೆ ಬೆರೆಸಿದರೆ ಸಂಜೆಯೊಳಗೆ ಮಬ್ಬು,
ಮಬ್ಬಾದ ಮೇಲೆ ಅದರ ಮಾತು ನಂಬುವಂತಿಲ್ಲ.
ಹಾಗಾಗಿ ಕಾರಿನ ಬ್ಯಾಟರಿಗೆ ಹಾಕುವ ನೀರು ತಂದೆ,
ಒಂದು ಕ್ಯಾನು, ಎರಡೂವರೆ ಪೌಂಡು.
ಬಸ್ ಓಡಿಸುವವಳಿಗೆ ಗ್ಯಾರೇಜಿನವರು ಅಷ್ಟು ರಿಯಾಯಿತಿ ಕೊಟ್ಟಾರು.
ಸ್ಪ್ರೇ ಬಾಟಲಿಗೆ ತುಂಬಿ, ತಾರೀಖು ಬರೆದು ಅಂಟಿಸಿದೆ.
ಬಕೆಟ್ ತುಂಬಾ ಬೇಡ,
ನಾಲ್ಕು ಸಲ ಒತ್ತಿದರೆ ಡ್ರಮ್ಮಿನ ಒಳಮೈ ಪೂರ್ತಿ ತೋಯುತ್ತದೆ.
ತಿಂಗಳು ಕಳೆದರೂ ತಿಳಿಯಾಗಿಯೇ ಇತ್ತು.

ಆರ್ಚಿಯದು ಮಾತ್ರ ಹುಳಿ.
ಮೊದಲ ಡ್ರಮ್ಮು ವಿನೆಗರ್.
ಎರಡನೆಯದರ ಮುಚ್ಚಳ ತೆಗೆದಾಗ
ಅವನ ಬೆಕ್ಕು ಎದ್ದು ಹೊರಗೆ ಹೋಯಿತು.
ಇಪ್ಪತ್ತಮೂರು ಲೀಟರ್ ಬಿಯರು
ಗುಲಾಬಿ ಪಾತಿಯ ಪಕ್ಕದ ಚರಂಡಿಗೆ;
ಗುಲಾಬಿಯೂ ಮೆಚ್ಚಲಿಲ್ಲ.
ಡೈನಿಯಸ್ ಯೀಸ್ಟನ್ನು ಬೈದ. ನಾನು ಮಾಲ್ಟನ್ನು.
ಆರ್ಚಿ ತನ್ನ ಪಾಲಿನ ಬಾಟಲಿಯನ್ನೇ ದುರುಗುಟ್ಟಿ ನೋಡಿದ.

ಮೂರನೆಯ ಸಲ ನೋಡಲು ಹೋದೆ.
ಸಿಂಕು ಒದ್ದೆ. ನಲ್ಲಿ ಒದ್ದೆ.
ತೋಳು ಮೊಣಕೈವರೆಗೆ ಒದ್ದೆ.
'ತೊಳೆದೆಯಾ?'
'ಸ್ವಲ್ಪ.'
'ಆರ್ಚಿ.'
'ನೊರೆ ಇತ್ತು ಕಣೇ ಒಳಗೆ! ನೊರೆ!'

ಮೂವತ್ತೊಂದು ವರ್ಷ ಹಾಲಿನ ಡೈರಿಯಲ್ಲಿ
ಟ್ಯಾಂಕರಿನ ಹೊಟ್ಟೆಗಿಳಿದು ಉಜ್ಜಿದವನು.
ಬಿಸಿನೀರು, ಸೋಡಾ, ಬಿಸಿನೀರು, ತಣ್ಣೀರು.
ಒಂದು ಗುಳ್ಳೆ ಉಳಿದರೂ ಮೇಸ್ತ್ರಿ ಮತ್ತೆ ಒಳಗಿಳಿಸುತ್ತಿದ್ದ.
ಮಡಿಯೆಂದರೆ ಮತ್ತೊಂದು ಕೊಡ ನೀರು
ಎಂದೇ ತಿಳಿದ ಮೈ ಅದು;
ಇನ್ನು ಮುಟ್ಟದೆ ಸುಮ್ಮನಿರುವುದೇ ಮಡಿ ಎಂದು
ಒಂದು ಚೀಟಿ ಹೇಳಿದರೆ ಕೇಳುತ್ತದೆಯೇ?

ನಾನು ವಾದಿಸಲಿಲ್ಲ.
'ಕೈ ಎರಡೂ ಜೇಬಿಗೆ ಹಾಕು' ಅಂದೆ.
ಹಾಕಿದ.
ಡ್ರಮ್ಮಿನೊಳಕ್ಕೆ ನಾನೇ ಚಿಮ್ಮಿಸಿದೆ.
ಎದ್ದಿತು ನೊರೆ, ಕೆನೆಯ ಹಾಗೆ ಬೆಳ್ಳಗೆ,
ಅಂಚಿನಿಂದ ನಿಧಾನಕ್ಕೆ ಜಾರಿತು.
ಅರವತ್ತರ ತನಕ ಎಣಿಸು ಅಂದೆ.
ಟ್ಯಾಂಕರಿನೊಳಗಿಂದ ಕೂಗುವವನಂತೆ ಜೋರಾಗಿ ಎಣಿಸಿದ,
ನಲವತ್ತಕ್ಕೆ ಜೇಬಿನೊಳಗೆ ಬೆರಳು ಮಿಸುಕಿದವು,
ಐವತ್ತೆರಡಕ್ಕೆ ಕಣ್ಣು ಮುಚ್ಚಿಕೊಂಡ.

ಅರವತ್ತು.
ಡ್ರಮ್ಮು ಬೋರಲು ಹಾಕಿ, ಇಳಿದಷ್ಟು ಇಳಿಸಿ,
ಉಳಿದ ನೊರೆಯ ಮೇಲೆಯೇ ಸುರಿದೆವು
ತಣಿದ ಕಂದು ರಸ,
ಅದರ ಮೇಲೆ ಯೀಸ್ಟು.

ಏಪ್ರಿಲ್ ಮೂರನೆಯ ಭಾನುವಾರ
ಆರ್ಚಿಯ ಹಿತ್ತಲಲ್ಲಿ ಮೊದಲ ಬಾಟಲಿ ಬಿಚ್ಚಿದ.
ಡೈನಿಯಸ್ ಮೂಸಿದ, ಕುಡಿದ, ಏನೂ ಹೇಳದೆ ಲೋಟ ಮತ್ತೆ ಚಾಚಿದ.
ಹೇಗಿದೆ ಎಂದು ಆರ್ಚಿ ಕೇಳಲಿಲ್ಲ.
ಒಳಗೆ ಸಿಂಕಿನಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು.
ಎದ್ದು ಹೋಗಿ
ಬಿಗಿಯಾಗಿ ತಿರುಗಿಸಿ ಬಂದ.