ಒಂದರಿಂದ ಐದರೊಳಗೆ

ಚೆನ್ನೈಯಿಂದ ಬಂದ ಕಾಗದ ತಮಿಳಿನಲ್ಲಿದೆ.
'ಕೆಲಸದಲ್ಲಿ ನಿಮಗೆ ತೃಪ್ತಿ ಇದೆಯೇ?
ಒಂದರಿಂದ ಐದರೊಳಗೆ ಗುರುತು ಹಾಕಿ.'
ಮುನಿಕೃಷ್ಣ ಎಲ್ಲಕ್ಕೂ ಐದು ಎಳೆದು
ಬೀಡಿ ಸೇದಲು ಬಾಗಲೂರು ರಸ್ತೆಗೆ ಇಳಿದ.
ನಾನು ತಳಿಯ ಕನ್ನಡ ಶಾಲೆಯವಳು,
ಅಕ್ಷರ ಕೂಡಿಸಿ ಓದುವಷ್ಟರಲ್ಲಿ
ಯೋಚನೆ ಬಂದುಬಿಡುತ್ತದೆ.

ಬೆಳಗ್ಗೆ ಎಂಟಕ್ಕೆ ಅರ್ಧ ಶಟರ್ ಎತ್ತಿ ನುಗ್ಗುತ್ತೇನೆ.
ಮೊದಲು ಸತ್ತವರನ್ನು ಹುಡುಕಬೇಕು.
ಗಿರಾಕಿ ಕಾಣುವ ಮುನ್ನ, ಮಿಕ್ಕವು ಕಚ್ಚುವ ಮುನ್ನ
ಚಹಾ ಸೋಸುವಂಥ ಬಲೆಯಲ್ಲಿ ಎತ್ತಿ
ಹೊರಗಿನ ದಾಸವಾಳದ ಕುಂಡಕ್ಕೆ.
ಆ ಗಿಡ ಹೂ ಬಿಡುವ ಪರಿ ನೋಡಿ
ಎದುರಿನ ಬೇಕರಿಯವಳು ಗೊಬ್ಬರದ ಹೆಸರು ಕೇಳುತ್ತಾಳೆ.

ಇದಕ್ಕೆ ಎಷ್ಟು ಹಾಕಲಿ?

ಮೊದಲು ಸಿಪ್‌ಕಾಟ್‌ನಲ್ಲಿದ್ದೆ, ವೈರು ಕತ್ತರಿಸಿ ಕಂತೆ ಕಟ್ಟುತ್ತ.
ಮೂರು ಸಾವಿರ ಹೆಚ್ಚಿತ್ತು, ಬಸ್ಸಿತ್ತು, ಊಟವಿತ್ತು.
ಎರಡು ವರ್ಷ ಕಟ್ಟಿದ್ದೆಲ್ಲ
ಯಾವ ಗಾಡಿಯ ಹೊಟ್ಟೆ ಸೇರಿತೋ ಕಾಣೆ.
ಇಲ್ಲಿ ಗೊತ್ತಾಗುತ್ತದೆ. ಮತ್ತಿಗಿರಿಗೆ ಹೋದ ಮರಿ
ಆರು ತಿಂಗಳಿಗೆ ಕರುವಿನ ಗಾತ್ರವಾಗಿ ಬಂದು
ಕೌಂಟರಿನ ಮೇಲೆ ಕಾಲಿಟ್ಟು ನನ್ನ ಕಿವಿ ನೆಕ್ಕಿತು;
ಒಡೆಯ ನಾಚಿ ಹಗ್ಗ ಎಳೆದ.
ಗೊತ್ತಾಗದಿರಲಿ ಎಂದು ಬೇಡುವುದೂ ಉಂಟು:
ರೀಲು ಮಾಡಲಿಕ್ಕೆಂದೇ ಬಿಳಿ ಬೆಕ್ಕಿನ ಮರಿ ಕೊಂಡ ಹುಡುಗ
ಬಿಲ್ಲು ಹಿಡಿದು ಕೇಳಿದ,
'ಇಷ್ಟವಾಗದಿದ್ದರೆ ಬದಲಿಸಿಕೊಡ್ತೀರಾ?'

ಪ್ರೋತ್ಸಾಹ ಎಂಬ ಕಾಲಮ್ಮಿನಲ್ಲಿ
'ತಿಂಗಳ ಉತ್ತಮ ಉದ್ಯೋಗಿ' ಎಂದಿದೆ.
ಇರುವವರು ಇಬ್ಬರು. ಒಂದು ತಿಂಗಳು ಅವನ ಫೋಟೋ,
ಒಂದು ತಿಂಗಳು ನನ್ನದು.
ಗಿಣಿಗಳ ಗೂಡಿಗೆ ಒತ್ತಿ ತೂಗುಹಾಕಿದ್ದಕ್ಕೆ
ಇಬ್ಬರ ಮೂಗಿಗೂ ಹಿಕ್ಕೆ.
ಸಂಬಳ ಏಳನೇ ತಾರೀಖು ಅಂತ ಬರೆದಿದ್ದಾರೆ,
ಹದಿಮೂರಾಗುತ್ತದೆ. ಅದಕ್ಕೆ ಒಂದು. ಅನುಮಾನವೇ ಇಲ್ಲ.
ನಾಯಿ ಕಚ್ಚಿದಾಗ ಸೂಜಿಯ ಖರ್ಚು ಕೊಡಲಿಲ್ಲ.
ಅದಕ್ಕೂ ಒಂದು.

ಕೊನೆಯ ಪ್ರಶ್ನೆ: 'ಕೆಲಸ ಬಿಡುವ ಯೋಚನೆ ಇದೆಯೇ?'

ರಾತ್ರಿ ಒಂಬತ್ತೂವರೆ.
ಮೀನಿನ ತೊಟ್ಟಿಗಳ ದೀಪ ಒಂದೇ ಸಲ ಆರಿಸಬಾರದು.
ಫಕ್ಕನೆ ಕತ್ತಲಾದರೆ ಬೆಚ್ಚಿ
ಗಾಜಿಗೆ ಮುಖ ಹೊಡೆದುಕೊಳ್ಳುತ್ತವೆ.
ಒಂದನ್ನು ಆರಿಸಿ, ನಿಂತು,
ಇನ್ನೊಂದನ್ನು ಆರಿಸಿ, ನಿಂತು,
ಹದಿನೇಳು ತೊಟ್ಟಿಗೆ ಕಾಲು ಗಂಟೆ.
ಈ ಕಾಲು ಗಂಟೆ ಯಾರೂ ಹೇಳಿಕೊಟ್ಟದ್ದಲ್ಲ,
ಸಂಬಳದಲ್ಲಿಲ್ಲ,
ಕಾಗದ ತಿರುವಿ ನೋಡಿದೆ, ಹಿಂದುಗಡೆಯೂ ಇಲ್ಲ.

ತಳಿಯ ಕೊನೇ ಬಸ್ಸು ಹಾರನ್ ಹಾಕುತ್ತಿದೆ.
ಇನ್ನೂ ನಾಲ್ಕು ತೊಟ್ಟಿ ಉರಿಯುತ್ತಿವೆ.