ಸಿಟ್ಟಿನ ಹೊಲಿಗಿ

ಗೋಣಿಚೀಲದಾಗಿಂದ ಜಗ್ಗಿದರ
ಮೊದಲ ಹೊರಗ ಬಂದದ್ದು ವಾಸನಿ:
ಇಲಿ, ಸೀಮೆಎಣ್ಣಿ, ತಂಬಾಕದ ಧೂಳ.
ಆಮ್ಯಾಲೆ ಬಂತು ಕೌದಿ,
ಹದಿನೇಳು ವರ್ಷ ಯಾರೂ ಹೊದೀಲಾರದ್ದು.

ಸೊಲ್ಲಾಪುರದ ಟವೆಲ್ ಕಾರಖಾನಿಯವರು
ಕಿಲೋದ ಮ್ಯಾಲೆ ಮಾರಿದ ಕಟ್‌ಪೀಸು,
ಬಣ್ಣ ಕೆಟ್ಟದ್ದು, ಅಂಚು ಹೋದದ್ದು.
ನೆಗಡಿ ಬಂದ ಹಸಿರು,
ಬಾತ ಮೊಳಕಾಲಿನ ನೀಲಿ,
ಔಷಧದ ಬಾಟ್ಲಿ ತಳದಾಗ ಉಳದ ಕೆಂಪು.
ಅತ್ತಿ ಆರಿಸಿ ಆರಿಸಿ ಕೊಟ್ಟಿದ್ದಳು:
"ನಮ್ಮ ಕಸ್ತೂರಿ ಮದಿವಿಗೆ ನಿನ್ನ ಕೈಲೆ ಒಂದು ಆಗಲಿ."

ನಾನು ಈ ಮನಿಗೆ ಬಂದು ನಾಲ್ಕು ತಿಂಗಳು.
ಹಗಲೆಲ್ಲ ಬೀಡಿ ಸುತ್ತಿದ ಬೆರಳು
ರಾತ್ರಿ ಸೂಜಿ ಹಿಡೀತಿತ್ತು.
ಒಂದೊಂದು ಟಾಕಿಗೆ ಒಂದೊಂದು ಮಾತ ನುಂಗಿದೆ.
ಉಪ್ಪು ಹೆಚ್ಚಾತು ಅಂದದ್ದು,
ನಮ್ಮಪ್ಪ ಬಸ್ಸಿಗೆ ರೊಕ್ಕ ಇಲ್ಲದ
ನಡಕೋತ ಬಂದದ್ದನ್ನ ಹೇಳಿ ಹೇಳಿ ನಕ್ಕದ್ದು.
ಟಾಕಿ ಅಂದರ ಟಾಕಿ,
ನಡುವ ಒಂದು ಅಕ್ಕಿಕಾಳು ಹಿಡೀಲಾರದಷ್ಟು.

ಕಸ್ತೂರಿ ಬಂದಳು, ನೋಡಿದಳು, ಮೂಗು ಮುರಿದಳು.
"ವೈನಿ, ಇದನ್ನ ಹೊದ್ದರ
ಕಣ್ಣು ಮುಚ್ಚಿದರೂ ಕುಕ್ಕತೈತಿ."
ಅಂಗಡಿಯಿಂದ ಚಾದರ ಬಂತು, ನವಿಲಿಂದು, ಪ್ಲಾಸ್ಟಿಕ್ ಚೀಲ ಸಹಿತ.
ನಡುವ ಒಂದು ಗೇಣು ಉಳದಿತ್ತು.
ಸೂಜಿ ಅಲ್ಲೇ ಚುಚ್ಚಿ ಎದ್ದೆ.

ಮುಗಿಸಲಿಲ್ಲ.
ಒಗೀಲೂ ಇಲ್ಲ, ಒಗಿಯೂದರ ಎರಡೂ ಅರ್ಥದಾಗ.
ಜ್ವಾಳದ ಚೀಲದ ಕೆಳಗ ಹಾಸಿದೆ,
ನೀರಿನ ಮೋಟರಿಗೆ ಹೊಚ್ಚಿದೆ,
ಒಂದು ಮಳಿಗಾಲ ಪತ್ರಾ ಸೋರಿದಾಗ ಸಂದಿಗೆ ತುರುಕಿದೆ.
ಅಲ್ಲಿಂದನೂ ಬಿತ್ತು.

ಈ ಸಲ ಸಂಕ್ರಾಂತಿ ದಾಟಿದರೂ ಥಂಡಿ ಬಿಡಲಿಲ್ಲ.
ಬೀಡಿ ಬ್ರಾಂಚಿನ ಶಹಾಬಾದಿ ಫರಸಿ
ಕುಂತವರ ಸೊಂಟಾನ ಕಡೀತಿತ್ತು.
ಮೆಹರೂನಗ ಎದ್ದು ನಿಲ್ಲಾಕ ಇಬ್ಬರು ಬೇಕು.
ಅಂಬೂಬಾಯಿ ತನ್ನ ಕಾಲನ್ನ ತೆಲುಗಿನಾಗ ಬೈತಾಳ,
ಅಕಿ ಕಾಲಿಗೆ ಮರಾಠಿ ಅಷ್ಟ ತಿಳೀತೈತಿ ಅಂತ
ನಾವು ನಗತೀವಿ, ನಗುವಾಗೂ ಸೊಂಟ ಹಿಡೀತೈತಿ.

ಭಾನುವಾರ ಅಂಗಳದಾಗ ಹಾಸಿದೆ.
ಎಲಿ ಕತ್ತರಿಸೋ ಕತ್ತರಿ.
ಮೊದಲನೇದಕ್ಕ ಕೈ ತಡೀತು. ಎರಡನೇದಕ್ಕ ಇಲ್ಲ.
ಒಳಗಿನ ಹಳೇ ಸೀರಿ ಚಿಂದಿಯಾಗಿ ಸುರೀತೈತಿ ಅಂದಕೊಂಡಿದ್ದೆ.
ಒಂದು ಎಳಿ ಬಿಚ್ಚಲಿಲ್ಲ.
ಆ ಹುಡುಗಿ ಸಿಟ್ಟು, ನೋಡ್ರಿ,
ಎಲ್ಲಿ ಕತ್ತರಿಸಿದರ ಅಲ್ಲೇ
ಪದರಕ್ಕ ಪದರ ಹಿಡಕೊಂಡು ಕುಂತಿತ್ತು.

ನಡುವಿನ ಗೇಣಿಗೆ ಬಂದಾಗ ಸಿಕ್ಕಿತು ಸೂಜಿ,
ತುಕ್ಕು ಹಿಡಿದು ಬಟ್ಟಿಗೇ ಬೇರು ಬಿಟ್ಟಿತ್ತು.
ಜಗ್ಗಿದರ ಮುರೀತು, ಅರ್ಧ ಒಳಗೇ.
ಅದನ್ನ ಹುಡುಕಿ ತಗಿಯೂದಕ್ಕ ಒಂದು ತಾಸು.
ಯಾರದೋ ಕುಂಡಿ, ನನಗ ಪಾಪ.
ಕಲೆ ಮಾತ್ರ ಹೋಗಲಿಲ್ಲ.
ಹೊಸಾ ಸೂಜಿಲೆ ಆ ಗೇಣು ಮುಗಿಸಿದೆ,
ಟಾಕಿ ದೂರ ದೂರ ಬಿದ್ದವು. ನುಂಗೂ ಮಾತು
ಅಷ್ಟೇನು ನೆನಪಾಗಲಿಲ್ಲ.

ಹನ್ನೆರಡು ಚೌಕ. ಸುತ್ತ ಲಾಡಿ ಬಡದು
ಸೋಮವಾರ ಹೊತ್ತುಕೊಂಡು ಹೋದೆ.
ಈಗ ಅದರ ಮ್ಯಾಲೆ ಕುಂತೀವಿ, ಮಡಿಲಾಗ ಮೊರ,
ಮೊರದಾಗ ತಂಬಾಕ, ಕೆಳಗ ಆ ಹಾಳ ಹಸಿರು.
ಬಣ್ಣ ಯಾರಿಗೂ ಕಾಣೂದಿಲ್ಲ,
ನಾವೆದ್ದಾಗ ಅಷ್ಟ.

ಹ್ವಾದ ವಾರ ಕಸ್ತೂರಿ ಬಂದಳು, ಕಾರ್ಡ್ ಮಾಡಿಸಾಕ.
ಗಂಡನ ಮಗ್ಗ ನಿಂತು ವರ್ಷಾತು.
ಖಾಲಿ ಇದ್ದದ್ದು ಕಲೆ ಬಿದ್ದ ಚೌಕ ಒಂದ.
ಕುಂತಳು. ಅತ್ತಾಗ ಇತ್ತಾಗ ಸರದು ಕುಂತಳು.
"ಬೆಚ್ಚಗೈತಿ ವೈನಿ. ಎಷ್ಟಕ್ಕ ತಗೊಂಡಿ?"

ನಾನು ಕಟ್ಟು ಎಣಸ್ತಿದ್ದೆ,
ಹತ್ತೊಂಬತ್ತು, ಇಪ್ಪತ್ತು.
ಲೆಕ್ಕ ತಪ್ಪಿತು.
ಮತ್ತ ಒಂದರಿಂದ.