ಟವೆಲ್ಲಿನ ಕೆಳಗೆ

ಕೋಲಾರದ ಟೊಮೆಟೊ ಮಂಡಿಯಲ್ಲಿ
ಇಪ್ಪತ್ತೊಂದು ವರ್ಷ ಹರಾಜು ಕೂಗಿದ ಗಂಟಲು ಇದು.
ಮುನ್ನೂರಾ ಹತ್ತು, ಹತ್ತು, ಹತ್ತು, ಇಪ್ಪತ್ತು ಯಾರು,
ಕ್ರೇಟುಗಳ ಮೇಲೆ ನಿಂತರೆ
ಗೇಟಿನಾಚೆ ಟೀ ಕುಡಿಯುವ ಲಾರಿ ಡ್ರೈವರಿಗೂ
ಅಂದಿನ ರೇಟು ಗೊತ್ತಾಗಬೇಕು.

ವರ್ಷಕ್ಕೆ ಆರು ಸಲ ಊದಿಕೊಳ್ಳುತ್ತಿತ್ತು.
ಉಪ್ಪುನೀರು, ಅರಿಶಿನದ ಹಾಲು,
ಹೊರಗಿನಿಂದ ಸುಣ್ಣದ ಪಟ್ಟು,
ಮೆಡಿಕಲ್ ಸ್ಟೋರಿನವನೇ ಕೊಟ್ಟ ಕೆಂಪು ಮಾತ್ರೆ.
ಮತ್ತೆ ಬೆಳಿಗ್ಗೆ ಕ್ರೇಟಿನ ಮೇಲೆ.

ಶಮೀಮ್ ಡಾಕ್ಟರು ಟಾರ್ಚು ಬಿಟ್ಟು ನೋಡಿದರು.
"ಬಾಗಿಲಲ್ಲಿ ಇಬ್ಬರು ಕಾವಲುಗಾರರು ಇರ್ತಾರೆ.
ನಿಮ್ಮೋರು ಕಳ್ಳರ ಜೊತೆ ಸೇರ್ಕೊಂಡಿದಾರೆ."
ಆಮೇಲೆ, ಜೊತೆಗೆ ಬಂದಿದ್ದ ಮೋನೀಶನ
ಯಾವಾಗಲೂ ತೆರೆದೇ ಇರುವ ಬಾಯಿ ನೋಡಿ,
"ಇವನು ರಾತ್ರಿ ಗೊರಕೆ ಹೊಡೀತಾನಾ?"

ನಾನು ನಕ್ಕೆ. ನಮ್ಮ ವಂಶವೇ ಹಾಗೆ ಅಂದೆ.
ಸುಗುಣ ನಗಲಿಲ್ಲ.
ಆರು ವರ್ಷದ ಹುಡುಗನ ಉಸಿರು ಸಿಕ್ಕಿಕೊಂಡು
ಮತ್ತೆ ಎಳೆದುಕೊಳ್ಳುವ ನಡುವಿನ ಹೊತ್ತನ್ನು
ಅವಳು ಕತ್ತಲಲ್ಲಿ ಕೂತು ಎಣಿಸಿದ್ದಳಂತೆ:
ಒಮ್ಮೊಮ್ಮೆ ಒಂಬತ್ತರ ತನಕ.
ಒಂದ್ಸಾರಿ ಎರಡ್ಸಾರಿ ಮೂರ್ಸಾರಿಗೆ
ಲೋಡುಗಟ್ಟಲೆ ಹಣ್ಣು ಮುಗಿಸುವವನು ನಾನು.
ಒಂಬತ್ತರ ತನಕ ಎಣಿಸಿದವಳ ಮುಖ
ನೋಡಲಾಗಲಿಲ್ಲ.

ಮೂಗಿನ ಹಿಂದೆ ಅವನಿಗೆ ಮಾಂಸ ಬೆಳೆದಿತ್ತು.
ಇಬ್ಬರಿಗೂ ಒಂದೇ ದಿನ: ಒಂದೇ ಆಟೋ, ಒಂದೇ ರಜೆ,
ಮಂಡಿ ಡಲ್ ಇದ್ದ ಫೆಬ್ರವರಿ.
ಮೊದಲು ಅವನನ್ನು ಒಳಗೆ ಕರೆದೊಯ್ದರು.
ಹಿಂದಿನ ರಾತ್ರಿಯಿಂದ ಹಸಿದ ಹುಡುಗ
ಬಾಗಿಲಲ್ಲಿ ಒಮ್ಮೆ ತಿರುಗಿ
"ಐಸ್ ಕ್ರೀಮ್ ನಿಜಾನಾ?" ಎಂದ.

ಸಂಜೆಗೆ ಅವನು ಎದ್ದು ಕೂತು ಕಪ್ಪು ನೆಕ್ಕುತ್ತಿದ್ದ.
ನಲವತ್ತಮೂರರ ನಾನು ಪಕ್ಕದ ಮಂಚದಲ್ಲಿ
ಎಂಜಲು ನುಂಗಲಾಗದೆ ಅಳುತ್ತಿದ್ದೆ.
ಗಂಟಲಲ್ಲಿ ಕತ್ತರಿ ಆಡಿದರೆ
ಕಿವಿಯಲ್ಲಿ ಏಕೆ ನೋವು? ಕೇಳಲು ದನಿಯಿಲ್ಲ.
ಉರಿಗಾಂ ಕಡೆಯ ಸಿಸ್ಟರ್ ಆರೋಗ್ಯಮೇರಿ ಹೇಳಿದಳು:
"ಮಕ್ಳಿಗೆ ಸಸಿ ಕಿತ್ತಂಗೆ, ನಿಮ್ಗೆ ಬೇರು ಕಿತ್ತಂಗೆ.
ಹತ್ತು ದಿನ ಬಾಯಿ ಬೀಗ. ರಕ್ತ ಕಂಡ್ರೆ ಮಾತ್ರ ಓಡ್ಬನ್ನಿ."

ನಮ್ಮಪ್ಪ ದನದ ಸಂತೆಯ ದಲ್ಲಾಳಿ.
ಟವೆಲ್ಲಿನ ಕೆಳಗೆ ಕೈಗೆ ಕೈ ಸೇರಿಸಿ
ಬೆರಳಲ್ಲೇ ಎತ್ತು ಮಾರುತ್ತಿದ್ದ.
ಒಂದು ಬೆರಳು ಹಿಡಿದರೆ ಒಂದು,
ಗೆಣ್ಣು ಮಡಚಿದರೆ ಅರ್ಧ,
ಅಂಗೈ ಗೀರಿದರೆ ಆಗಲ್ಲ,
ಹಿಡಿ ಅಮುಕಿದರೆ ಒಪ್ಪಿಗೆ.
ಹೋಗುವ ಮೊದಲು ಮೊಮ್ಮಗನಿಗೂ ಕಲಿಸಿದ್ದ.
"ಇದು ಬಾಯಿಬಿಟ್ಟು ಕೂಗೋ ಕಾಲ, ಬಿಡಪ್ಪಾ"
ಎಂದು ಬೈದಿದ್ದೆ ಇಬ್ಬರಿಗೂ.

ಆ ರಾತ್ರಿ ಮೋನೀಶ ನನ್ನ ಮಂಚಕ್ಕೆ ಹತ್ತಿದ.
ಟವೆಲ್ಲು ಎಳೆದು ಹೊದಿಸಿ
ನನ್ನ ಎರಡು ಬೆರಳು ಹಿಡಿದ:
ನಾಳೆ ಎರಡು ಕಪ್ಪು.
ಅಂಗೈ ಗೀರಿದೆ. ಒಂದು ಎಂದೆ.
ಅವನು ಗೀರಿದ. ಗೆಣ್ಣು ಮಡಚಿ ನೋಡಿದ.
ಒಂದೂವರೆಗೆ ಬಂದು ನಿಂತಿತು ವ್ಯಾಪಾರ.
ಆ ಉಳಿದರ್ಧ ಯಾರಿಗೆ?
ಗಡ್ಡದಿಂದ ನನ್ನನ್ನೇ ತೋರಿಸಿದ.
ಇಪ್ಪತ್ತೊಂದು ವರ್ಷದಲ್ಲಿ
ಇಷ್ಟು ಸಲೀಸಾಗಿ ನಾನು ಸೋತಿರಲಿಲ್ಲ.

ಮನೆಗೆ ಬಂದ ರಾತ್ರಿ, ಕೀಲುಕೋಟೆಯಲ್ಲಿ,
ಹುಡುಗ ಬಾಯಿ ಮುಚ್ಚಿ ಮಲಗಿದ್ದ.
ಎಷ್ಟು ಸದ್ದಿಲ್ಲವೆಂದರೆ
ಸುಗುಣ ದಡಬಡಿಸಿ ಎದ್ದು
ಅವನ ಮೂಗಿನ ಕೆಳಗೆ ಬೆರಳಿಟ್ಟಳು.
ಎಣಿಸಲು ಶುರು ಮಾಡಿದಳು, ಅಭ್ಯಾಸ.
ಎರಡು ಎನ್ನುವಷ್ಟರಲ್ಲಿ ಉಸಿರು ಬಂದಿತ್ತು.
ಮತ್ತೆ ಎಣಿಸಿದಳು. ಮತ್ತೆ ಬಂತು.
ಮತ್ತೆ.

ಆಮೇಲೆ ನನ್ನ ಪಕ್ಕ ಕೂತು
ಟವೆಲ್ಲಿನ ಕೆಳಗೆ ಕೈ ತೂರಿಸಿ
ನನ್ನ ಬೆರಳುಗಳನ್ನು ಒಂದೊಂದಾಗಿ ಹಿಡಿದಳು,
ಬಿಟ್ಟಳು, ಮತ್ತೆ ಹಿಡಿದಳು.
ಅವಳಿಗೆ ಆ ಲೆಕ್ಕ ಯಾರೂ ಕಲಿಸಿಲ್ಲ.
ಎಷ್ಟು ಕೇಳುತ್ತಿದ್ದಾಳೆಂದು ತಿಳಿಯಲಿಲ್ಲ.
ಹಿಡಿ ಅಮುಕಿದೆ.